ಗ್ಲಾಮರ್ ಅಂದ್ರ ಏನ್ರೀ ಮಾಸ್ತರ?

ನಮ್ಮ ಮನೆಗೂ ಗೌರಕ್ಕನ ಮನೆಗೂ ನಡುವೆ ಇರುವುದು ಎದೆಮಟ್ಟದ ಫರ್ಸಿ ಗೋಡೆ. ಶಹಾಬಾದ್ ಕಲ್ಲನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ ಹೂತರೆ ಮುಗಿಯಿತು, ಶಹಾಪುರದಲ್ಲಿ ಅದಕ್ಕೇ ಕಂಪೌಂಡು ಅನ್ನುತ್ತೇವೆ. ಕಲ್ಲಿನ ಸಂದಿಯಲ್ಲಿ ಬೆಕ್ಕು ದಾಟುತ್ತದೆ, ಕಲ್ಲಿನ ಮೇಲಿಂದ ಮಾತು ದಾಟುತ್ತದೆ. ಹೊತ್ತು ಇಳಿದ ಮೇಲೆ ಗೌರಕ್ಕ ಮೊರ ಹಿಡಿದು ಜೋಳ ಹಸನು ಮಾಡಲು ಕೂತರೆ ಊರಿನ ಯಾವ ಸುದ್ದಿಯೂ ಹೊಟ್ಟು ಹಾರಿಸಿಕೊಳ್ಳದೆ ಮುಂದೆ ಹೋಗುವುದಿಲ್ಲ. ಅವತ್ತು ಆಕೆಯ ತೊಡೆಯ ಮೇಲೆ ಪೇಪರಿನ ಸಿನಿಮಾ ಪುಟ ಇತ್ತು.

"ಮಾಸ್ತರ, ಈ ಗ್ಲಾಮರ್ ಅಂದ್ರ ಏನ್ರೀ? ಒಂದ ಪುಟದಾಗ ಮೂರು ಕಡಿ ಬರದಾರ. ಒಬ್ಬಾಕಿ ಗ್ಲಾಮರ್ ಗೊಂಬಿ ಅಂತ. ಒಬ್ಬಾಕಿ ಗ್ಲಾಮರ್ ಪಾತ್ರಕ್ಕ ಒಲ್ಲೆ ಅಂದಾಳಂತ. ಇನ್ನೊಬ್ಬಾಕಿದು ಗ್ಲಾಮರ್ ಕಡಿಮಿ ಆಗ್ಯದಂತ. ಕಡಿಮಿ ಆಗಲಿಕ್ಕ ಅದೇನು ಬಿಪಿನೋ ಶುಗರೋ?"

"ಗ್ಲಾಮರ್ ಅಂದ್ರ ಮೂಲದಾಗ ಗ್ರಾಮರ್ ಅಕ್ಕಾ, ವ್ಯಾಕರಣ," ಅಂದೆ.

"ನೋಡ್ರಿ, ನಾ ಹಾಡು ಕೇಳಿದ್ರ ನೀವು ಮಗ್ಗಿ ಹೇಳ್ತೀರಿ. ರಿಟೈರ್ ಆದರೂ ಮಾಸ್ತರಕಿ ಬಿಟ್ಟಿಲ್ಲ."

ಅಕ್ಕನಿಗೆ ಸಿಟ್ಟು ಬಂದದ್ದು ನ್ಯಾಯವೇ. ಸಿನಿಮಾ ಪುಟದ ಕನ್ನಡದಲ್ಲಿ ಗ್ಲಾಮರ್ ಅಂದರೆ ಬಟ್ಟೆಯ ಅಳತೆ, ಅಷ್ಟೇ. ಸೀರೆ ಉಟ್ಟರೆ 'ಸಾಂಪ್ರದಾಯಿಕ ಪಾತ್ರ', ಮೊಳಕಾಲು ಕಂಡರೆ 'ಗ್ಲಾಮರ್ ಪಾತ್ರ'. ಇಂಥ ಶಬ್ದದ ಹಿಂದೆ ವಿಭಕ್ತಿ ಪ್ರತ್ಯಯದ ನೆರಳಿದೆ ಅಂದರೆ ಯಾರು ನಂಬುತ್ತಾರೆ? ಆದರೆ ಮಾತು ಖರೆ. ಗ್ರೀಕರಲ್ಲಿ 'ಗ್ರಾಮ್ಮ' ಅಂದರೆ ಅಕ್ಷರ. ಅಕ್ಷರದ ವಿದ್ಯೆ ಲ್ಯಾಟಿನ್ನಿನಲ್ಲಿ 'ಗ್ರಾಮಾಟಿಕಾ' ಆಯಿತು, ಹಳೆಯ ಫ್ರೆಂಚಿನಲ್ಲಿ 'ಗ್ರಾಮೇರ್'. ಆ ಕಾಲದ ಯುರೋಪಿನಲ್ಲಿ ಓದು ಅಂದರೆ ಲ್ಯಾಟಿನ್. ಲ್ಯಾಟಿನ್ ಬಲ್ಲವರು ಪಾದ್ರಿಗಳು, ಮಠದವರು, ಮಣ್ಣು ಮುಟ್ಟದ ನಾಲ್ಕು ಮಂದಿ. ಹೊಲದಲ್ಲಿ ದುಡಿಯುವವನಿಗೆ ಅವರ ಕೋಣೆಯಿಂದ ಕೇಳುತ್ತಿದ್ದದ್ದು ಬರೀ ಮಣಮಣ. ಒಳಗೆ ಏನು ಓದುತ್ತಾರೋ, ನಕ್ಷತ್ರ ಎಣಿಸುತ್ತಾರೋ, ದೆವ್ವ ಕರೆಯುತ್ತಾರೋ! ಹೀಗಾಗಿ 'ಗ್ರಾಮರ್' ಅನ್ನುವುದಕ್ಕೆ ಮಂತ್ರವಿದ್ಯೆ ಅನ್ನುವ ಅರ್ಥ ತಾನಾಗಿ ಅಂಟಿಕೊಂಡಿತು. ಫ್ರೆಂಚಿನಲ್ಲಿ ಅದೇ ಶಬ್ದ ತುಸು ಮುಖ ತಿರುಚಿಕೊಂಡು 'ಗ್ರಿಮ್ವಾರ್' ಆಗಿ ನಿಂತಿದೆ. ಮಾಟಗಾರನ ಪುಸ್ತಕ ಅಂತ ಅರ್ಥ. ಸ್ಕಾಟ್ಲೆಂಡಿನವರು 18ನೆಯ ಶತಮಾನದ ಹೊತ್ತಿಗೆ ರಕಾರ ಬಿಟ್ಟು ಲಕಾರ ಹಿಡಿದು 'ಗ್ಲಾಮರ್' ಅಂದರು.

"ರ ಇದ್ದದ್ದು ಲ ಹ್ಯಾಂಗ ಆಗ್ತದ್ರೀ?"

"ಕರ್ನಲ್ ಅಂತೀವಲ್ಲ ಅಕ್ಕಾ, ಇಂಗ್ಲಿಷಿನಾಗ ಅದನ್ನ ಬರೆಯೋ ಮುಂದ ಎರಡೂ ಕಡಿ ಲ ಬರೀತಾರ. ಓದೋ ಮುಂದ ಮಾತ್ರ ಮೊದಲನೇದು ರ. ನಾಲಿಗಿಗೆ ಈ ಎರಡು ಅಕ್ಷರದಾಗ ದೊಡ್ಡ ಫರಕಿಲ್ಲ."

ಸ್ಕಾಟರ ಗ್ಲಾಮರಿನಲ್ಲಿ ಚೆಲುವಿನ ಮಾತೇ ಇರಲಿಲ್ಲ. ಮಾಟಗಾರ ನೋಡುವವರ ಕಣ್ಣಿನ ಮೇಲೆ ಗ್ಲಾಮರ್ ಎಸೆಯುತ್ತಾನೆ, ಆಮೇಲೆ ಇರುವುದು ಕಾಣುವುದಿಲ್ಲ, ಇಲ್ಲದ್ದು ಕಾಣುತ್ತದೆ. ಇದನ್ನು ಇಂಗ್ಲಿಷ್ ಓದುಗರ ನಡುವೆ ಹರಡಿದವನು ವಾಲ್ಟರ್ ಸ್ಕಾಟ್, 1805ರಲ್ಲಿ ಬಂದ ತನ್ನ ಕಥನಕಾವ್ಯದಿಂದ. ಅದರಲ್ಲಿ ಒಬ್ಬ ಕುಳ್ಳ ಚೇಷ್ಟೆಯ ಸೇವಕ ಮಾಂತ್ರಿಕನೊಬ್ಬನ ಪುಸ್ತಕ ಕದ್ದು ತೆಗೆಯುತ್ತಾನೆ. ಓದಲಿಕ್ಕೆ ಸಿಕ್ಕದ್ದು ಒಂದೇ ಮಂತ್ರ, ಅದೇ ಗ್ಲಾಮರ್. ಅದರ ಬಲದಿಂದ ಸೆರೆಮನೆಯ ಗೋಡೆಯ ಜೇಡರ ಬಲೆ ಅರಮನೆಯ ಜರಿ ಪರದೆಯಾಗಿ ಕಾಣುತ್ತದೆ, ಕಾಯಿಯ ಚಿಪ್ಪು ಬಂಗಾರದ ದೋಣಿಯಾಗುತ್ತದೆ, ಹರೆಯ ಮುಪ್ಪಾಗುತ್ತದೆ, ಮುಪ್ಪು ಹರೆಯವಾಗುತ್ತದೆ.

ಗೌರಕ್ಕ ಮೊರ ಕೆಳಗಿಟ್ಟಳು. "ಅಯ್ಯ, ಇದಕ್ಕ ಇಷ್ಟು ಪುರಾಣ ಯಾಕ್ರೀ? ಕಣ್ಕಟ್ಟು ಅನ್ರಲ್ಲ! ಮೈಲಾಪುರ ಜಾತ್ರ್ಯಾಗ ನಮ್ಮಪ್ಪನ ಹೆಗಲ ಮ್ಯಾಲೆ ಕುಂತು ನೋಡೀನಿ. ಗಾರುಡಿಯವ ಬುಟ್ಟಿ ಮುಚ್ಚಿ ತೆಗದ್ರ ಮಾವಿನ ಸಸಿ, ಮತ್ತ ಮುಚ್ಚಿ ತೆಗದ್ರ ಅದರಾಗ ಕಾಯಿ. ನಮ್ಮಪ್ಪ ಬಾಯಿ ತಕ್ಕೊಂಡು ನಿಂತಿದ್ದ, ಅವನ ಕಿಸೆ ಯಾರೋ ಕತ್ತರಿಸಿಕೊಂಡು ಹೋದ್ರು."

ಸಂಕ್ರಾಂತಿಯ ಹೊತ್ತಿನ ಮೈಲಾಪುರ ಮಲ್ಲಯ್ಯನ ಜಾತ್ರೆಯಲ್ಲಿ ಭಂಡಾರದ ಹಳದಿಯೊಳಗೆ ಇಂಥ ಎಷ್ಟು ಕಿಸೆ ಹೋದವೋ. ಆದರೆ ಅಕ್ಕ ಹೇಳಿದ್ದು ನಿಘಂಟಿನವರಿಗಿಂತ ನೇರವಾಗಿದೆ. ಸ್ಕಾಟ್ ತನ್ನ ಕಾವ್ಯಕ್ಕೆ ಟಿಪ್ಪಣಿ ಹಾಕಿ ಅಷ್ಟುದ್ದ ವಿವರಿಸಿದ್ದು ನಮ್ಮ 'ಕಣ್ಕಟ್ಟು' ಅನ್ನುವ ಮೂರಕ್ಷರದೊಳಗೆ ಕೂತಿದೆ.

ಆ ಕಾವ್ಯದ ಮಾಂತ್ರಿಕನ ಕಥೆ ಇನ್ನೂ ಸೊಗಸಾಗಿದೆ. ಅವನ ಹೆಸರು ಮೈಕೆಲ್ ಸ್ಕಾಟ್. ಆತ ನಿಜವಾಗಿ ಇದ್ದವನು, 13ನೆಯ ಶತಮಾನದ ಪಂಡಿತ. ಸ್ಪೇನಿನ ಟೊಲೆಡೊದಲ್ಲಿ ಕೂತು ಅರಬ್ಬಿಯಲ್ಲಿದ್ದ ಅರಿಸ್ಟಾಟಲನನ್ನು ಲ್ಯಾಟಿನ್ನಿಗೆ ತಂದವನು, ಮುಂದೆ ಎರಡನೆಯ ಫ್ರೆಡರಿಕ್ ಚಕ್ರವರ್ತಿಯ ಆಸ್ಥಾನ ಸೇರಿದವನು. ಅವನು ಮಾಡಿದ ತಪ್ಪು ಒಂದೇ, ಬಹಳ ಓದಿದ್ದು. ಊರಿನವರು ಅವನನ್ನು ಮಾಟಗಾರನನ್ನಾಗಿ ಮಾಡಿಬಿಟ್ಟರು. ಡಾಂಟೆ ತನ್ನ ಕಾವ್ಯದ ನರಕದಲ್ಲಿ ಅವನಿಗೆ ಒಂದು ಜಾಗ ಕೊಟ್ಟ. ಅನುವಾದಕರಿಗೆ ಸಿಗುವ ಮರ್ಯಾದೆ ಆಗಿನಿಂದಲೂ ಇಷ್ಟೇ.

"ಅರಬ್ಬಿ ಓದಿದ್ರ ಮಂದಿ ಅಂಜೋದು ಖರೇನ," ಅಂದಳು ಗೌರಕ್ಕ. "ನಮ್ಮಪ್ಪಗ ನಿಜಾಮನ ಕಾಲದಾಗ ಒಂದ್ ಕಾಗದ ಬಂದಿತ್ತಂತ, ಉರ್ದುದಾಗ. ಊರಾಗ ಓದಾಂವ ಒಬ್ಬನ ಮುನ್ಸಿ. ಅಂವ ಬಲಗಡಿಯಿಂದ ಬೆರಳು ಓಡಿಸ್ಕೋತ ಎಡಕ್ಕ ಬಂದ್ರ ನಮ್ಮಪ್ಪ ಕೈ ಮುಗದು ನಿಂತನಂತ. ಏನದ ಅಂತ ಕೇಳಿದ್ರ ಮುನ್ಸಿ 'ಹ್ಞೂಂ' ಅಂದನಂತ, ಅಷ್ಟ. ಆ ಹ್ಞೂಂಗ ನಮ್ಮಪ್ಪ ಒಂದು ಕುರಿ ಕೊಟ್ಟ. ಆಮ್ಯಾಲ ಗೊತ್ತಾತು, ಕಾಗದ ಬಂದದ್ದು ಬಾಜೂ ಮನಿಯವರಿಗಿ."

ನಾನು ನಕ್ಕೆ. ಆದರೆ ನನಗೆ ಬೇಕಾಗಿದ್ದ ಸಾಕ್ಷಿ ಇದೇ. ಯಾದಗಿರಿ, ಶಹಾಪುರ, ಸುರಪುರದ ಕಡೆ ಮನೆಯೊಳಗೆ ಕನ್ನಡ, ಕಚೇರಿಯೊಳಗೆ ಮೊದಲು ಫಾರ್ಸಿ, ಆಮೇಲೆ ಉರ್ದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಶುರುವಾದದ್ದೂ ಉರ್ದು ಮಾಧ್ಯಮದಲ್ಲೇ. ನಿಜಾಮನ ಆಳಿಕೆ ಮುಗಿದ 1948ರ ಸಪ್ಟೆಂಬರಿನ ತನಕ ನಮ್ಮ ಹೊಲದ ಭವಿಷ್ಯ ನಮಗೆ ತಿಳಿಯದ ಅಕ್ಷರದಲ್ಲಿತ್ತು. 1956ರಲ್ಲಿ ಕನ್ನಡದ ರಾಜ್ಯಕ್ಕೆ ಸೇರಿದೆವು, ಆದರೂ ತಹಸೀಲು, ದಸ್ತಾವೇಜು, ನಕಲು, ಅರ್ಜಿ, ವಕೀಲ ಯಾವುದೂ ಮನೆಗೆ ಹೋಗಲಿಲ್ಲ. ಬರೆದದ್ದನ್ನು ಓದಬಲ್ಲವನ ಮುಂದೆ ಓದಲಾರದವನು ಕೈ ಮುಗಿಯುವುದಕ್ಕೆ ಸ್ಕಾಟ್ಲೆಂಡೇ ಬೇಕಿಲ್ಲ. ಮುನ್ಸಿಯ ಆ 'ಹ್ಞೂಂ' ಅಪ್ಪಟ ಗ್ಲಾಮರ್. ವ್ಯಾಕರಣ ಬಲ್ಲವನು ಬಲ್ಲದವನ ಕಣ್ಣಿಗೆ ಕಟ್ಟಿದ ಬಟ್ಟೆ.

ಇನ್ನು ತಾಯಿತ. ಗೌರಕ್ಕನ ಮೊಮ್ಮಗನ ಕೊರಳಲ್ಲಿ ಎರಡಿವೆ. ಒಂದರೊಳಗೆ ತಾಮ್ರದ ತಗಡು, ತಗಡಿನ ಮೇಲೆ ಚೌಕ, ಚೌಕದೊಳಗೆ ಅಕ್ಷರ. ಇನ್ನೊಂದು ದರ್ಗಾದ ತಾವೀಜು, ಅದರೊಳಗೂ ಮಡಚಿದ ಬರಹ. ಒಂದು ಕನ್ನಡ, ಒಂದು ಅರಬ್ಬಿ, ಹುಡುಗ ನಡುವೆ ಕ್ಷೇಮವಾಗಿದ್ದಾನೆ. ನಮ್ಮ ಕಡೆ ಇದರಲ್ಲಿ ಜಗಳವಿಲ್ಲ. ಆದಿಲ್‌ಶಾಹಿ ಸುಲ್ತಾನರ ಗೋರಿಗಳಿರುವ ಗೋಗಿಯ ದರ್ಗಾಕ್ಕೂ ಹೋಗುತ್ತಾರೆ, ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೂ ಹೋಗುತ್ತಾರೆ. ಎರಡೂ ತಾಯಿತಗಳನ್ನು ಬಿಚ್ಚಿ ಓದುವಂತಿಲ್ಲ ಅನ್ನುವುದು ಮಾತ್ರ ನೋಡಿ ತಮಾಷೆ. ಓದಿದರೆ ಶಕ್ತಿ ಹೋಗುತ್ತದಂತೆ! ಅಕ್ಷರಕ್ಕೆ ಇರುವ ಬಲವೆಲ್ಲ ಅದು ತಿಳಿಯದಿರುವುದರಲ್ಲೇ ಇದೆ.

ಇದನ್ನು ಚೆನ್ನಾಗಿ ಅರಿತವರು ಕೊಡೇಕಲ್ಲಿನವರು. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನಕ್ಕೆ 'ಅಮರಗನ್ನಡ' ಅನ್ನುವ ಗುಪ್ತ ಲಿಪಿಯೇ ಉಂಟು. ಮಾತು ಕನ್ನಡ, ಅಕ್ಷರ ಮಾತ್ರ ಬಲ್ಲವರಿಗಷ್ಟೆ. ಅದರ ಒಂದು ಹಾಳೆ ನೋಡಿದರೂ ನಲವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರನೂ ಒಂದನೆಯ ತರಗತಿಗೆ ಇಳಿಯುತ್ತಾನೆ. ಹೊಟ್ಟೆಯೊಳಗೆ ಒಂದು ನಮೂನೆ ಆಗುತ್ತದೆ. ಭಯವೂ ಅಲ್ಲ, ಭಕ್ತಿಯೂ ಅಲ್ಲ. ಅದನ್ನೇ ನಾನು ಗ್ಲಾಮರ್ ಅನ್ನುವುದು. ಸಿನಿಮಾ ಪುಟದವರು ಬೇಕಾದರೆ ಜಗಳಕ್ಕೆ ಬರಲಿ.

"ಬರೆದದ್ದು ಸುಳ್ಳಾಗಂಗಿಲ್ಲ ಅನ್ನೋದೂ ಅದರಾಗ ಬಂತಲ್ರೀ," ಅಂದಳು ಅಕ್ಕ. "ಸುರಪುರದ ರಾಜಾನ ಜಾತಕ ಕೇಳಿಲ್ಲೇನು?"

ಸುರಪುರದ ತವರಿನವಳ ಮುಂದೆ ಕೇಳಿಲ್ಲ ಅನ್ನಲಾದೀತೆ? ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರ ಕೊನೆಗೆ ಸುರಪುರಕ್ಕೆ ಬಂದ. ಆಗ ಕ್ಯಾಪ್ಟನ್, ಮುಂದೆ ಕರ್ನಲ್. ಬರುವ ಮೊದಲೇ ಠಕ್ಕರ ಮೇಲೆ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು. ಸಂಸ್ಥಾನದ ವಾರಸುದಾರ ವೆಂಕಟಪ್ಪ ನಾಯಕ ಆಗಿನ್ನೂ ಹುಡುಗ. ಟೇಲರನಿಗೆ 'ಅಪ್ಪಾ' ಅನ್ನುತ್ತಿದ್ದನಂತೆ. ಟೇಲರ್ 1853ರ ತನಕ ಇಲ್ಲಿದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಇದೆ. ರಾಣಿ ಈಶ್ವರಮ್ಮ ಒಮ್ಮೆ ಅವನನ್ನು ಕರೆಸಿ ಮಗನ ಜಾತಕದ ಗುಟ್ಟು ಹೇಳಿದಳು: ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾವು. ಟೇಲರ್ ನಂಬಲಿಲ್ಲ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತ, ಸೆರೆಯಾದ. ಗಲ್ಲು ತಪ್ಪಿತು, ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್‌ಪೇಟೆಯ ಕಡೆ ಕರೆದೊಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ. ತಾನೇ ಹೊಡೆದುಕೊಂಡ ಅಂತ ಬ್ರಿಟಿಷರ ಬರಹ. ಕೊಂದರು ಅನ್ನುವವರು ನಮ್ಮಲ್ಲಿ ಬಹಳ.

"ಕೊಂದ್ರು," ಅಂದಳು ಗೌರಕ್ಕ, ತಾನು ಅಲ್ಲಿ ಇದ್ದಳೇನೋ ಅನ್ನುವ ಹಾಗೆ.

ಟೇಲರ್ ಇದನ್ನೆಲ್ಲ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಅದು ಅಚ್ಚಾದದ್ದು 1877ರಲ್ಲಿ, ಅವನು ಸತ್ತ ಮರುವರ್ಷ. ಜಾತಕ ಮೂಢನಂಬಿಕೆ ಅಂದ ಸಾಹೇಬನೇ ಆ ಪ್ರಸಂಗಕ್ಕೆ ಬಂದಾಗ ಪುಟಗಟ್ಟಲೆ ಬಿಡಲಾರದೆ ಬರೆಯುತ್ತಾನೆ. ಕಂಪನಿಯ ಕಾಲದ ತರ್ಕವೆಲ್ಲ ಒಂದು ಜಾತಕದ ಗ್ಲಾಮರಿಗೆ ಸಿಕ್ಕಿಬಿದ್ದದ್ದು ನೋಡಲು ನನಗೇನೋ ಒಳಗೊಳಗೇ ಖುಷಿ.

ಬರಹವೇ ಬೇಕು ಅಂತಲೂ ಇಲ್ಲ. ಬರೀ ಒಂದು ಹೆಸರು ಸಾಕು. ನಮ್ಮ ಶಹಾಪುರದ ಗುಡ್ಡ ತಗೊಳ್ಳಿ. ಒಂದು ದಿಕ್ಕಿನಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ್ದಾನೆ: ಹಣೆ, ಮೂಗು, ತುಟಿ, ಎದೆ. ಬಸ್ಸಿನಿಂದ ಇಳಿದು ಫೋಟೊ ತೆಗೆಯುತ್ತಾರೆ. ಇನ್ನೊಂದು ದಿಕ್ಕಿಗೆ ಹೋದರೆ ಬುದ್ಧನೂ ಇಲ್ಲ, ಮೂಗೂ ಇಲ್ಲ, ಬಂಡೆಗಲ್ಲು.

"ನಾ ಮದಿವ್ಯಾಗಿ ಬಂದಾಗ ಅಂವ ಇರ್ಲಿಲ್ರೀ," ಅಂದಳು ಗೌರಕ್ಕ. "ಗುಡ್ಡ ಇತ್ತು. ನಾವು ಕಟಿಗಿ ತರಾಕ ಹೋಗ್ತಿದ್ವಿ. ಯಾವಾಗೋ ಯಾರೋ ಬುದ್ಧ ಅಂದ್ರು. ಅವತ್ತಿಂದ ನಾ ಏನ್ ಮಾಡಿದ್ರೂ ಗುಡ್ಡ ಕಾಣವಲ್ದು, ಬುದ್ಧನ ಕಾಣ್ತಾನ."

ವಾಲ್ಟರ್ ಸ್ಕಾಟ್ ಇದ್ದಿದ್ದರೆ ಗೌರಕ್ಕನ ಈ ಮಾತನ್ನು ಟಿಪ್ಪಣಿಗೆ ಹಾಕಿಕೊಳ್ಳುತ್ತಿದ್ದ. ಒಂದು ಶಬ್ದ ಕಿವಿಗೆ ಬಿತ್ತು, ಕಣ್ಣು ಬದಲಾಯಿತು.

ಹಾಲಿವುಡ್ಡಿನ ಮಾತು ಹೆಚ್ಚೇನಿಲ್ಲ. 19ನೆಯ ಶತಮಾನದಲ್ಲಿ ಗ್ಲಾಮರ್ ಮಾಟದ ಮನೆ ಬಿಟ್ಟು ಮೋಹದ ಮನೆಗೆ ಬಂತು, 1930ರ ದಶಕದಲ್ಲಿ ಸ್ಟುಡಿಯೊ ದೀಪದ ಕೆಳಗೆ ನಿಂತಿತು. ದೀಪ ಎಲ್ಲಿಡಬೇಕು, ನೆರಳು ಎಲ್ಲಿ ಬೀಳಬೇಕು ಅಂತ ಬಲ್ಲ ಫೋಟೊಗ್ರಾಫರನೇ ಹೊಸ ಗಾರುಡಿ. ಈಗ ಆ ವಿದ್ಯೆ ಫೋನಿನೊಳಗೇ ಬಂದು ಕೂತಿದೆ. ಮದುವೆಯ ಫೋಟೊದಲ್ಲಿ ಗೌರಕ್ಕನ ಸುಕ್ಕೆಲ್ಲ ಮಾಯವಾಗಿ, "ಇದ್ಯಾರ ಮಗಳ್ರೀ?" ಅಂತ ಆಕೆಯೇ ಕೇಳಿದಳು.

ಈ ಗಾರುಡಿ ಅನ್ನುವುದೂ ವಿಚಾರ ಮಾಡುವಂಥ ಶಬ್ದ. ಗರುಡನ ಮಂತ್ರದಿಂದ ಹಾವಿನ ವಿಷ ಇಳಿಸುವವನು ಗಾರುಡಿಗ. ಬೇಂದ್ರೆಯವರಿಗೆ ಕನ್ನಡದ ಮಂದಿ ಶಬ್ದಗಾರುಡಿಗ ಅಂದರು. ಅಂದರೆ ಗ್ರಾಮರಿನಲ್ಲಿ ಗ್ಲಾಮರ್ ತೆಗೆಯುವವನು! ಇಂಗ್ಲಿಷಿನವರು ಐನೂರು ವರ್ಷ ಸುತ್ತು ಹಾಕಿ ಕಳೆದುಕೊಂಡ ನಂಟನ್ನು ನಾವು ಒಂದೇ ಬಿರುದಿನಲ್ಲಿ ಇಟ್ಟುಕೊಂಡಿದ್ದೇವೆ. ನಮ್ಮ ವ್ಯಾಕರಣ ಪುಸ್ತಕಗಳ ಹೆಸರಾದರೂ ನೋಡಿ. ಕೇಶಿರಾಜನದು 'ಶಬ್ದಮಣಿದರ್ಪಣ', ನಾಗವರ್ಮನದು 'ಕರ್ಣಾಟಕ ಭಾಷಾಭೂಷಣ'. ಮಣಿ, ಕನ್ನಡಿ, ಒಡವೆ. ಪುಸ್ತಕದಂಗಡಿಯೋ ಬಳೆಯಂಗಡಿಯೋ ತಿಳಿಯುವುದಿಲ್ಲ. ಒಳಗೆ ಮಾತ್ರ ಸಂಧಿ ಸಮಾಸ. ಹೆಸರು ನೋಡಿ ಮರುಳಾಗಿ ಒಳಹೊಕ್ಕ ಹುಡುಗರನ್ನು ನಾನು ಬಹಳ ಕಂಡಿದ್ದೇನೆ.

ಕಣ್ಣಿನ ಮಾತು ಬಂದ ಮೇಲೆ ದೃಷ್ಟಿ ಬಿಟ್ಟರೆ ಹೇಗೆ? ಇಂಗ್ಲಿಷಿನಲ್ಲಿ ಮರುಳು ಮಾಡುವುದಕ್ಕೆ 'ಫ್ಯಾಸಿನೇಟ್' ಅನ್ನುತ್ತಾರೆ. ರೋಮಿನ ಕಾಲದಲ್ಲಿ ಅದು ಕೆಟ್ಟ ಕಣ್ಣು ಹಾಕುವುದೇ. ಅದಕ್ಕೆ ಪರಿಹಾರವಾಗಿ ಮಕ್ಕಳ ಕೊರಳಿಗೆ ಒಂದು ತಾಯಿತ ಕಟ್ಟುತ್ತಿದ್ದರು. ಅದರ ಆಕಾರ ಏನು ಅಂತ ಗೌರಕ್ಕ ಎರಡು ಸಲ ಕೇಳಿದಳು. ನಾನು ಕೆಮ್ಮಿ, ಗೋಡೆಯ ಆಚೆ ಈಚೆ ನೋಡಿ, ಶೇಂಗಾ ರೇಟಿನ ಮಾತೆತ್ತಿದೆ. 'ಚಾರ್ಮ್' ಅನ್ನುವುದಕ್ಕೆ ಇಷ್ಟು ತೊಂದರೆಯಿಲ್ಲ. ಅದು ಲ್ಯಾಟಿನ್ನಿನ 'ಕಾರ್ಮೆನ್', ಅಂದರೆ ಹಾಡು, ಮಂತ್ರದ ಪಠಣ. ರಾಗ ಕೇಳಿ ಮೈ ಮರೆತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುರಪುರದವರನ್ನು ಕೇಳಿದರೆ ಲಕ್ಷ್ಮೀಶ ಕವಿಯ ದೇವಪುರ ತಮ್ಮದೇ, ಕಡೂರಿನ ಕಡೆಯ ದೇವನೂರಲ್ಲ ಅಂತ ವಾದಕ್ಕೆ ನಿಲ್ಲುತ್ತಾರೆ. ಜೈಮಿನಿ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವನಿಗೆ ಊರು ಯಾವುದಾದರೂ ನಡೆಯುತ್ತದೆ.

"ಹಂಗಾದ್ರ ಓದದವರಿಗಿ ಈ ಗ್ಲಾಮರ್ ಇಲ್ಲೇನು?" ಗೌರಕ್ಕನ ಪ್ರಶ್ನೆ ಚೂಪಾಗಿತ್ತು. ಆಕೆ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು.

ನಾನು ಮಳಖೇಡದ ಹೆಸರು ಹೇಳಿದೆ. ಯಾದಗಿರಿಯ ಮಗ್ಗುಲಿನ ಸೇಡಂ ಸೀಮೆಯಲ್ಲಿ ಕಾಗಿಣಾ ಹೊಳೆಯ ದಂಡೆಗೆ ಈಗ ಸಿಮೆಂಟಿನ ಧೂಳು. ಒಂಬತ್ತನೆಯ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ. ಅಲ್ಲಿಯ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ನಮಗೆ ಸಿಕ್ಕ ಕನ್ನಡದ ಮೊದಲ ಗ್ರಂಥ. ಅದೂ ಒಂದು ನಮೂನೆಯ ಗ್ರಾಮರ್ ಪುಸ್ತಕವೇ, ಕಾವ್ಯ ಹೇಗಿರಬೇಕು ಅನ್ನುವುದು. ಆದರೂ ಈ ನಾಡಿನವರು ಕೂತು ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪಳಗಿದವರು ಅಂತ ಅದು ಬಾಯಿ ತುಂಬ ಹೊಗಳುತ್ತದೆ. ವಿದ್ಯೆಯ ಪುಸ್ತಕವೇ ಓದದವರಿಗೆ ಮರುಳಾದದ್ದು ಬೇರೆಲ್ಲಿ ಸಿಕ್ಕೀತು?

"ಒಂಬತ್ತನೇ ಶತಮಾನದಾಗ ನನ್ನ ಸುದ್ದಿ ಬರದಾರ ಅನ್ರಿ," ಅಂದು ಗೌರಕ್ಕ ಸೆರಗು ಸರಿ ಮಾಡಿಕೊಂಡಳು. "ಮತ್ತ ನಮ್ಮ ಸೊಸಿಗಿ ಎಲ್ಲಾರೂ ಪ್ರೆಟ್ಟಿ ಅದಾಳ ಅಂತಾರಲ್ಲ, ಅದೇನು?"

"ಅದು ಹಳೇ ಇಂಗ್ಲಿಷಿನಾಗ ಕಪಟಿ, ಯುಕ್ತಿವಂತಿ ಅಂತ ಇತ್ತು ಅಕ್ಕಾ. ಆಮ್ಯಾಲ ಚೆಂದ ಅಂತ ಆತು."

"ಮೊದಲಿಂದs ಸರಿ ಅದ ಬಿಡ್ರಿ." ಒಳಮನೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. "ಹ್ಯಾಂಡ್‌ಸಮ್ ಅಂತಾರಲ್ಲ ಗಂಡಸರಿಗಿ?"

"ಅದು 'ಕೈ' ಅನ್ನೋದರಿಂದ ಬಂದದ್ದು. ಹಿಂದಕ ಅದರ ಅರ್ಥ ಕೈಗೆ ಸಲೀಸಾಗಿ ಸಿಗೋದು, ಬಳಸಲಿಕ್ಕ ಒದಗೋದು ಅಂತ."

ಗೌರಕ್ಕ ಬೀದಿಯ ತುದಿಯ ಚಹಾದಂಗಡಿಯ ಕಡೆ ಕತ್ತೆತ್ತಿದಳು. ಆಕೆಯ ಗಂಡ, ನಮ್ಮ ಅಣ್ಣಾವರು, ಮಧ್ಯಾಹ್ನ ಜೋಳದ ಚೀಲ ಹೊರಸುತ್ತೇನೆ ಅಂತ ಹೇಳಿ ಹೋದವರು ಅಲ್ಲಿ ಬೆಂಚಿನ ಮೇಲೆ ಕಾಲು ಮಡಚಿ ಕೂತು ದೇಶದ ರಾಜಕಾರಣ ನಡೆಸುತ್ತಿದ್ದರು.

"ಆ ಹೆಸರು ನಮ್ಮ ಮನಿಯವರಿಗಿ ಹತ್ತಂಗಿಲ್ಲ ತಗೋರಿ," ಅಂದು ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು. "ನಲವತ್ತೈದು ವರ್ಷಾತು, ಒಂದಿನ ಕೈಗೆ ಸಿಕ್ಕಿಲ್ಲ."